ಹಿಂದಿನ ದಿನವೇ ಕಲೆಸಿ ಫ್ರಿಜ್‌ನಲ್ಲಿಟ್ಟ ಹಿಟ್ಟಿನಿಂದ ಮೆತ್ತನೆಯ ಆಲೂಗಡ್ಡೆ ಡಿನ್ನರ್ ರೋಲ್

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮನೆಯ ಓವನ್ ಬೆಳಗಿನಿಂದಲೇ ಟರ್ಕಿ ಕೋಳಿಗೆ ಮೀಸಲಾಗಿರುತ್ತದೆ. ಬ್ರೆಡ್ಡಿನ ಪಾಲಿಗೆ ಉಳಿಯುವುದು ಊಟಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ, ಮತ್ತು ಆ ಗಡಿಬಿಡಿಯಲ್ಲಿ ಹಿಟ್ಟು ಕಲೆಸಿ, ನಾದಿ, ಉಬ್ಬಲು ಬಿಟ್ಟು ಕಾಯುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ವಿದ್ಯುತ್ ರೆಫ್ರಿಜರೇಟರು ಅಲ್ಲಿನ ಮನೆಗಳಿಗೆ ಬರತೊಡಗಿದ ಕಾಲದಲ್ಲಿ, ಅಂದರೆ 1930ರ ದಶಕದ ಹೊತ್ತಿಗೆ, ಹಿಂದಿನ ದಿನವೇ ಹಿಟ್ಟನ್ನು ಕಲೆಸಿ ತಣ್ಣಗಿಟ್ಟು ಬೇಕಾದಾಗ ಬೇಕಾದಷ್ಟು ತೆಗೆದು ಬೇಕ್ ಮಾಡುವ ಪದ್ಧತಿ ಬಳಕೆಗೆ ಬಂದು, 'ರೆಫ್ರಿಜರೇಟರ್ ರೋಲ್', 'ಐಸ್‌ಬಾಕ್ಸ್ ರೋಲ್' ಎಂಬ ಹೆಸರುಗಳಲ್ಲಿ ಅಲ್ಲಿನ ಅಡುಗೆ ಪುಸ್ತಕಗಳನ್ನು ಸೇರಿತು. ಈ ರೋಲುಗಳಲ್ಲಿ ಬೇಯಿಸಿದ ಆಲೂಗಡ್ಡೆ ಸೇರಿಸಿ ಮಾಡುವ ಬಗೆಯೊಂದಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ಮೆತ್ತಗೆ ಬರುವುದು ಅದೇ. ಮೊಟ್ಟೆಯಿಲ್ಲದೆಯೂ ಸೊಗಸಾಗಿ ಬರುವುದರಿಂದ ನಮ್ಮ ಕಡೆಯ ಬಹಳಷ್ಟು ಮನೆಗಳಿಗೆ ಹೊಂದುವುದೂ ಅದೇ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ರೋಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲಿನವರಿಗೆ ಇಷ್ಟು ಹೇಳಿದರೆ ಸಾಕು: ಇದರಲ್ಲಿ ಪಾವ್‌ಗಿಂತ ಹಾಲು, ಬೆಣ್ಣೆ ಹೆಚ್ಚು, ಬೇಕರಿಯ ಸಿಹಿ ಬನ್ನಿಗಿಂತ ಸಕ್ಕರೆ ಕಡಿಮೆ, ತಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬೇಯುವುದರಿಂದ ಪಕ್ಕಗಳಲ್ಲಿ ಗಟ್ಟಿ ಸಿಪ್ಪೆಯೇ ಇರುವುದಿಲ್ಲ.

ಈ ಪಾಕವನ್ನು ಅಲ್ಲಿನ ಪುಸ್ತಕದಲ್ಲಿರುವಂತೆಯೇ ಇಲ್ಲಿ ಮಾಡಿದಾಗ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ, ಅದು ಹಿಟ್ಟಿನ ಬಿಸಿ. ಹಾಲನ್ನು 43 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ ಮಾಡಿಕೊಳ್ಳಿ, ಹಿಟ್ಟನ್ನು ಬೆಚ್ಚಗಿನ ಮೂಲೆಯಲ್ಲಿಡಿ ಎಂಬ ಸೂಚನೆಗಳು ಹೊರಗೆ ಹಿಮ ಬೀಳುವ ಊರಿನವರಿಗಾಗಿ ಬರೆದವು. ಬೇಸಿಗೆಯ ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಹಾಗೆ ಕಲೆಸಿದ ಹಿಟ್ಟು 35 ಡಿಗ್ರಿಯ ಆಸುಪಾಸಿನಲ್ಲಿ ಫ್ರಿಜ್ಜಿನೊಳಗೆ ಹೋಗುತ್ತದೆ. ಫ್ರಿಜ್ ಹಿಟ್ಟನ್ನು ಕೂಡಲೇ ತಣ್ಣಗಾಗಿಸುವುದಿಲ್ಲ. ಒಂದು ಕಿಲೋ ಹಿಟ್ಟಿನ ಮುದ್ದೆಯ ಮೇಲ್ಭಾಗ ಬೇಗ ತಣಿದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇದ್ದು, ಅಲ್ಲಿನ ಈಸ್ಟ್ ಅಷ್ಟೂ ಹೊತ್ತು ಭರದಿಂದ ಕೆಲಸ ಮಾಡುತ್ತದೆ. ಬೆಳಗ್ಗೆ ಮುಚ್ಚಳ ತೆಗೆದಾಗ ಹುಳಿಯೂ ಸಾರಾಯಿಯೂ ಬೆರೆತಂಥ ವಾಸನೆ ಬಂದು ಹಿಟ್ಟು ಜೋಲುಬಿದ್ದಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಹೆಚ್ಚಿನ ಮಾತು ಬೇಕ್ ಮಾಡುವುದರ ಬಗ್ಗೆ ಅಲ್ಲ, ಹಿಟ್ಟನ್ನು ತಣ್ಣಗೆ ಕಲೆಸಿ ಬೇಗ ತಣಿಸುವುದರ ಬಗ್ಗೆ.

ಬೇಕಾಗುವ ಸಾಮಾನು

ಎಂಟು ಇಂಚಿನ ಎರಡು ಚೌಕ ತಟ್ಟೆಗಳಿಗೆ, ತಲಾ 9ರಂತೆ 18 ರೋಲುಗಳಿಗೆ ಈ ಅಳತೆ:

ಮೈದಾ 500 ಗ್ರಾಂ
ಬೇಯಿಸಿ ಸಿಪ್ಪೆ ತೆಗೆದು ಜರಡಿಯಲ್ಲಿ ಉಜ್ಜಿದ ಆಲೂಗಡ್ಡೆ 120 ಗ್ರಾಂ
ಕಾಯಿಸಿ ಪೂರ್ತಿ ಆರಿಸಿದ ಹಾಲು 230 ಮಿಲಿ, ಜೊತೆಗೆ ಕೈಗೆ ಸಿಗುವಂತೆ ಇನ್ನೆರಡು ದೊಡ್ಡ ಚಮಚ
ಸಕ್ಕರೆ 60 ಗ್ರಾಂ
ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಜೊತೆಗೆ ತಟ್ಟೆಗೆ ಮತ್ತು ಮೇಲೆ ಸವರಲು ಸ್ವಲ್ಪ
ಪುಡಿ ಉಪ್ಪು 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ
ಇನ್‌ಸ್ಟಂಟ್ ಈಸ್ಟ್ 5 ಗ್ರಾಂ, ಅಂದರೆ ಒಂದೂವರೆ ಟೀ ಚಮಚ

ಡಿಜಿಟಲ್ ತಕ್ಕಡಿ ಇದ್ದರೆ ದಯವಿಟ್ಟು ಅದನ್ನೇ ಬಳಸಬೇಕು. ಒಂದು ಕಪ್ಪು ಮೈದಾ, ತುಂಬಿದ ಕೈ ಯಾರದು ಎಂಬುದರ ಮೇಲೆ 120 ಗ್ರಾಮೂ ಆಗಬಹುದು, ಒತ್ತಿ ತುಂಬಿದರೆ 150 ಗ್ರಾಮೂ ಆಗಬಹುದು. ನಾಲ್ಕು ಕಪ್ಪಿನ ಲೆಕ್ಕದಲ್ಲಿ ಈ ವ್ಯತ್ಯಾಸವೇ ಮೆತ್ತನೆಯ ರೋಲಿಗೂ ಒಣಕಲು ರೋಲಿಗೂ ಇರುವ ಅಂತರ.

ಮೈದಾ ಹೊಸದಾಗಿರಲಿ. ಪ್ಯಾಕೆಟ್ಟಿನ ಹಿಂಬದಿಯಲ್ಲಿ 100 ಗ್ರಾಮಿಗೆ ಎಷ್ಟು ಪ್ರೊಟೀನ್ ಇದೆ ಎಂದು ಬರೆದಿರುತ್ತಾರೆ. 10 ಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚು ಇರುವುದನ್ನು ಆರಿಸಿಕೊಂಡರೆ ಹಿಟ್ಟಿಗೆ ಅನಿಲವನ್ನು ಹಿಡಿದಿಡುವ ಶಕ್ತಿ ಬರುತ್ತದೆ. ಬರೀ ಮೈದಾ ಬೇಡವೆನ್ನುವವರು ಅದರ ಐದನೆಯ ಒಂದು ಪಾಲನ್ನು ಗೋಧಿ ಹಿಟ್ಟಾಗಿ ಬದಲಿಸಿ ಒಂದೆರಡು ಚಮಚ ಹಾಲು ಹೆಚ್ಚಿಸಬಹುದು. ಅದಕ್ಕಿಂತ ಹೆಚ್ಚು ಬದಲಿಸಿದರೆ ಆಗುವುದು ಬೇರೆಯೇ ತಿಂಡಿ, ಅದರ ಬಗ್ಗೆ ಇಲ್ಲಿ ಹೇಳುವುದಿಲ್ಲ.

ಹಾಲು ಕಾಯಿಸಿದ್ದೇ ಆಗಬೇಕೆಂಬುದಕ್ಕೆ ಕಾರಣವಿದೆ. ಚೆನ್ನಾಗಿ ಕಾಯಿಸದ ಹಾಲಿನಲ್ಲಿರುವ ಕೆಲವು ಪ್ರೊಟೀನುಗಳು ಹಿಟ್ಟಿನ ಜಿಗುಟನ್ನು, ಅಂದರೆ ಹಿಟ್ಟು ಹರಿಯದೆ ಹಿಗ್ಗುವಂತೆ ಮಾಡುವ ಗ್ಲುಟೆನ್ ಅನ್ನು, ಸಡಿಲಿಸುತ್ತವೆ; ಕುದಿಯುವ ಹಂತದವರೆಗೆ ಕಾಯಿಸಿದರೆ ಅವು ತಮ್ಮ ಸ್ವಭಾವ ಕಳೆದುಕೊಳ್ಳುತ್ತವೆ. ಅಮೆರಿಕದ ಹಳೆಯ ಪಾಕಗಳು ಹಾಲನ್ನು ಕಾಯಿಸಿ ಆರಿಸಿ ಎಂದು ಪ್ರತ್ಯೇಕವಾಗಿ ಹೇಳುತ್ತವೆ. ಪ್ಯಾಕೆಟ್ ಹಾಲನ್ನೂ ಉಕ್ಕುವಷ್ಟು ಕಾಯಿಸಿಯೇ ಬಳಸುವ ನಮ್ಮ ಅಡುಗೆಮನೆಗಳಲ್ಲಿ ಈ ಕೆಲಸ ತಾನಾಗಿಯೇ ಮುಗಿದಿರುತ್ತದೆ. ಕೆನೆ ತೆಗೆಯಬೇಕಾಗಿಲ್ಲ.

ಈಸ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಅಂಗಡಿಗಳಲ್ಲಿ ಎರಡು ಬಗೆಯ ಒಣ ಈಸ್ಟ್ ಸಿಗುತ್ತದೆ. ಸಣ್ಣ ರವೆಯಂತೆ ನಯವಾಗಿರುವ ಇನ್‌ಸ್ಟಂಟ್ ಈಸ್ಟನ್ನು ನೇರವಾಗಿ ಹಿಟ್ಟಿಗೆ ಬೆರೆಸಬಹುದು, ಅದಕ್ಕೆ ಬೆಚ್ಚಗಿನ ಹಾಲಿನ ಹಂಗಿಲ್ಲ. ದಪ್ಪ ಕಾಳಿನ ಆ್ಯಕ್ಟಿವ್ ಡ್ರೈ ಈಸ್ಟನ್ನು ಮಾತ್ರ ಕಾಲು ಕಪ್ಪು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಚಿಟಿಕೆ ಸಕ್ಕರೆಯೊಂದಿಗೆ ಹತ್ತು ನಿಮಿಷ ನೆನೆಸಬೇಕು, ಅಷ್ಟು ನೀರನ್ನು ಹಾಲಿನಿಂದ ಕಳೆಯಬೇಕು. ಒಡೆದ ಪ್ಯಾಕೆಟ್ಟನ್ನು ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಚುರುಕಾಗಿರುತ್ತದೆ. ಒಲೆಯ ಪಕ್ಕದ ಗೂಡಿನಲ್ಲಿ ಅರೆತೆರೆದು ಇಟ್ಟ ಈಸ್ಟನ್ನು ನಂಬಿ ಹಬ್ಬದ ಊಟಕ್ಕೆ ಹಿಟ್ಟು ಕಲೆಸಬಾರದು. ಅನುಮಾನವಿದ್ದರೆ ಅದು ಇನ್‌ಸ್ಟಂಟ್ ಆಗಿದ್ದರೂ ಒಂದಿಷ್ಟನ್ನು ಸಕ್ಕರೆ ನೀರಿನಲ್ಲಿ ಹಾಕಿ ಹತ್ತು ನಿಮಿಷದಲ್ಲಿ ನೊರೆ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ, ಕರಾವಳಿಯಲ್ಲಂತೂ ವರ್ಷವಿಡೀ, 5 ಗ್ರಾಮಿನ ಬದಲು 4 ಗ್ರಾಂ ಈಸ್ಟ್ ಸಾಕು.

ಬೆಣ್ಣೆ ಉಪ್ಪಿನದ್ದಾದರೆ ಮೇಲಿನ ಉಪ್ಪನ್ನು ಒಂದೂಕಾಲು ಚಮಚಕ್ಕೆ ಇಳಿಸಿ. ಉಪ್ಪು ರುಚಿಗಷ್ಟೇ ಅಲ್ಲ. ಅದು ಈಸ್ಟಿನ ವೇಗಕ್ಕೆ ಕಡಿವಾಣ ಹಾಕುತ್ತದೆ, ಹಿಟ್ಟಿನ ಜಿಗುಟನ್ನು ಬಿಗಿಗೊಳಿಸುತ್ತದೆ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರಬೇಕಾದ ಹಿಟ್ಟಿನಲ್ಲಿ ಅದನ್ನು ಮರೆತರೆ ಚಪ್ಪೆಯಾಗುವುದರ ಜೊತೆಗೆ ಹಿಟ್ಟು ಅಂಕೆ ಮೀರಿ ಉಬ್ಬುತ್ತದೆ.

ಆಲೂಗಡ್ಡೆಯ ಪಾತ್ರ

ಆಲೂಗಡ್ಡೆಯ ಪಿಷ್ಟ ಬೆಂದಾಗ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದ ನೀರು ನಾದುವಾಗ ಕೈಗೆ ಅಂಟುವುದಿಲ್ಲ, ಬೇಯುವಾಗ ಬೇಗ ಆವಿಯಾಗುವುದಿಲ್ಲ, ಮಾರನೆಯ ದಿನವೂ ರೋಲನ್ನು ಒಣಗಲು ಬಿಡುವುದಿಲ್ಲ. ಈಸ್ಟಿಗೂ ಬೆಂದ ಪಿಷ್ಟ ಸುಲಭದ ಆಹಾರ, ಏಕೆಂದರೆ ಹಿಟ್ಟಿನಲ್ಲಿರುವ ಕಿಣ್ವಗಳು ಅದನ್ನು ಬೇಗ ಸಕ್ಕರೆಯಾಗಿ ಒಡೆಯುತ್ತವೆ. ರುಚಿಯಲ್ಲಿ ಆಲೂಗಡ್ಡೆ ಇದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಮಧ್ಯಮ ಗಾತ್ರದ ಗಡ್ಡೆಯನ್ನು ಸಿಪ್ಪೆ ಸಮೇತ, ಹೆಚ್ಚದೆ, ಕುಕ್ಕರಿನಲ್ಲಿ ಪಾತ್ರೆಯೊಳಗಿಟ್ಟು ಹಬೆಯಲ್ಲಿ ಬೇಯಿಸಿಕೊಳ್ಳಿ. ಹೆಚ್ಚಿ ನೀರಿಗೆ ಹಾಕಿ ಬೇಯಿಸಿದರೆ ಅದು ನೀರು ಕುಡಿದು ಅಳತೆ ತಪ್ಪಿಸುತ್ತದೆ. ಬಿಸಿಯಿರುವಾಗಲೇ ಸಿಪ್ಪೆ ಸುಲಿದು, ಹಿಟ್ಟು ಜರಡಿ ಹಿಡಿಯುವ ಸಣ್ಣ ಕಣ್ಣಿನ ಜರಡಿಯ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಗಂಟಿಲ್ಲದ ನಯವಾದ ಪುಡಿ ಕೆಳಗೆ ಬೀಳುತ್ತದೆ. ಕೈಯಲ್ಲಿ ಹಿಸುಕಿದ ಆಲೂಗಡ್ಡೆಯಲ್ಲಿ ಉಳಿಯುವ ಕಡಲೆಕಾಳಿನಷ್ಟು ಗಂಟುಗಳು ಎಷ್ಟು ನಾದಿದರೂ ಕರಗುವುದಿಲ್ಲ. ರೋಲು ಮುರಿದಾಗ ಬೆಳ್ಳಗಿನ ಚುಕ್ಕೆಗಳಾಗಿ ಎದುರು ನಿಲ್ಲುತ್ತವೆ. ಮಿಕ್ಸಿಗೆ ಮಾತ್ರ ಹಾಕಬೇಡಿ, ಅಂಟಂಟಾಗುತ್ತದೆ.

ಉಜ್ಜಿದ ಆಲೂಗಡ್ಡೆಯನ್ನು ತಟ್ಟೆಯಲ್ಲಿ ಹರಡಿ ಸಂಪೂರ್ಣ ಆರಿಸಿ. ಇದು ಈ ಪಾಕದಲ್ಲಿ ಎಲ್ಲರೂ ಅವಸರ ಮಾಡುವ ಜಾಗ. ಮುಟ್ಟಿದರೆ ಬೆಚ್ಚಗಿರುವ 120 ಗ್ರಾಂ ಆಲೂಗಡ್ಡೆ ಇಡೀ ಹಿಟ್ಟಿನ ಬಿಸಿಯನ್ನು ಎರಡು ಮೂರು ಡಿಗ್ರಿ ಏರಿಸಬಲ್ಲದು. ಬೆಳಗಿನ ಪಲ್ಯಕ್ಕೆಂದು ಬೇಯಿಸಿದ್ದರಲ್ಲಿ ಒಂದನ್ನು ಎತ್ತಿಟ್ಟರೆ ಸಂಜೆಗೆ ಈ ತಾಪತ್ರಯವೇ ಇರುವುದಿಲ್ಲ, ಆದರೆ ಅದಕ್ಕೆ ಉಪ್ಪು ಹಾಕಿ ಬೇಯಿಸಿರಬಾರದು.

ಹಾಲು ಎಷ್ಟು ತಣ್ಣಗಿರಬೇಕು

ಕಲೆಸಿ ಮುಗಿದ ಹಿಟ್ಟು 24 ಡಿಗ್ರಿಯ ಹತ್ತಿರ ಇರಬೇಕೆಂಬುದು ನಮ್ಮ ಗುರಿ. ಬೇಕರಿಯವರು ಇದಕ್ಕೆ ಒಂದು ಸರಳ ಲೆಕ್ಕ ಹಾಕುತ್ತಾರೆ. ಬೇಕಾದ ಉಷ್ಣತೆಯನ್ನು ಮೂರರಿಂದ ಗುಣಿಸಿ, ಅದರಿಂದ ಕೋಣೆಯ ಉಷ್ಣತೆ, ಮೈದಾದ ಉಷ್ಣತೆ ಮತ್ತು ನಾದುವುದರಿಂದ ಹುಟ್ಟುವ ಬಿಸಿಯನ್ನು ಕಳೆದರೆ ಉಳಿಯುವುದೇ ಹಾಲಿನ ಉಷ್ಣತೆ. ಕೈಯಲ್ಲಿ ನಾದುವುದರಿಂದ ಸುಮಾರು 3 ಡಿಗ್ರಿ ಏರುತ್ತದೆಂದು ಹಿಡಿದರೆ, 24 ಡಿಗ್ರಿಯ ಬೆಂಗಳೂರಿನ ಸಂಜೆಯಲ್ಲಿ 72ರಿಂದ 24, 24, 3 ಕಳೆದು 21 ಉಳಿಯುತ್ತದೆ, ಅಂದರೆ ಕಾಯಿಸಿ ಆರಿಸಿದ ಹಾಲನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸಾಕು. ಅದೇ 32 ಡಿಗ್ರಿಯ ಮಂಗಳೂರಿನಲ್ಲಿ ಉಳಿಯುವುದು 5 ಮಾತ್ರ. ಅಲ್ಲಿ ಹಾಲು ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದು ನೇರ ಪಾತ್ರೆಗೆ ಬರಬೇಕು. ಕೋಣೆ ಅದಕ್ಕೂ ಬಿಸಿಯಾಗಿದ್ದರೆ ಹಾಲನ್ನು ಇನ್ನೂ ತಣಿಸಲಾಗುವುದಿಲ್ಲ, ಆದ್ದರಿಂದ ಮೈದಾವನ್ನೂ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. ಮಿಷನ್ನಿನಲ್ಲಿ ನಾದುವವರು ಬಿಸಿ ಇನ್ನೂ ಹೆಚ್ಚು ಏರುತ್ತದೆಂದು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ತಣ್ಣನೆಯ ಹಾಲಿಗೆ ಈಸ್ಟ್ ಸಾಯುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಚಳಿಯಲ್ಲಿ ಈಸ್ಟ್ ಮಂದವಾಗುತ್ತದೆ, ಅಷ್ಟೇ. ಅದು ಸಾಯುವುದು 55ರಿಂದ 60 ಡಿಗ್ರಿಯ ಬಿಸಿಯಲ್ಲಿ. ಒಂದೇ ಜಾಗ್ರತೆಯೆಂದರೆ, ಒಣ ಈಸ್ಟನ್ನು ತಣ್ಣನೆಯ ಹಾಲಿಗೆ ನೇರವಾಗಿ ಸುರಿಯದೆ ಮೈದಾದಲ್ಲಿ ಮೊದಲು ಬೆರೆಸಿಕೊಳ್ಳುವುದು.

ಕಲೆಸುವುದು ಮತ್ತು ನಾದುವುದು

ಅಗಲವಾದ ಪಾತ್ರೆಯಲ್ಲಿ ಮೈದಾ, ಸಕ್ಕರೆ, ಈಸ್ಟ್ ಹಾಕಿ ಕೈಯಾಡಿಸಿ. ಆಲೂಗಡ್ಡೆಯನ್ನು ಸೇರಿಸಿ, ರೊಟ್ಟಿಗೆ ಎಣ್ಣೆ ಬೆರೆಸುವಾಗ ಮಾಡುವಂತೆ ಬೆರಳ ತುದಿಯಿಂದ ಮೈದಾದಲ್ಲಿ ಉದುರುದುರಾಗಿ ತಿಕ್ಕಿ. ಹಾಲು ಹಾಕಿ, ಒಣಹಿಟ್ಟು ಕಾಣದಷ್ಟು ಮಾತ್ರ ಕಲೆಸಿ, ಮುಚ್ಚಿ 20 ನಿಮಿಷ ಬಿಡಿ. ಈ ಇಪ್ಪತ್ತು ನಿಮಿಷದಲ್ಲಿ ಮೈದಾ ಹಾಲನ್ನು ಹೀರಿಕೊಂಡು ಜಿಗುಟು ತಾನಾಗಿಯೇ ಬೆಳೆಯತೊಡಗುತ್ತದೆ. ಆಮೇಲೆ ನಾದುವ ಶ್ರಮ ಅರ್ಧಕ್ಕರ್ಧ ಇಳಿಯುತ್ತದೆ. ಆ ಬಳಿಕ ಉಪ್ಪು ಸೇರಿಸಿ ಐದು ನಿಮಿಷ ನಾದಿ, ಮೆತ್ತಗಿರುವ, ಆದರೆ ಕರಗಿರದ ಬೆಣ್ಣೆಯನ್ನು ಮೂರು ಸಲಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಮತ್ತೆ ಏಳೆಂಟು ನಿಮಿಷ ನಾದಿ. ಬೆಣ್ಣೆ ಬಿದ್ದ ಕೂಡಲೇ ಹಿಟ್ಟು ಹರಿದು ಹೋಳಾದಂತೆ, ಜಾರಿದಂತೆ ಕಾಣುತ್ತದೆ. ಗಾಬರಿಯಿಂದ ಮೈದಾ ಉದುರಿಸಬೇಡಿ, ಎರಡು ನಿಮಿಷದಲ್ಲಿ ಕೂಡಿಕೊಳ್ಳುತ್ತದೆ.

ಸರಿಯಾದ ಹದ ಯಾವುದೆಂದರೆ ಚಪಾತಿ ಹಿಟ್ಟಿಗಿಂತ ಸಾಕಷ್ಟು ಮೆತ್ತಗೆ, ಹೋಳಿಗೆಯ ಕಣಕಕ್ಕಿಂತ ತುಸು ಗಟ್ಟಿ. ಬೆರಳಿಗೆ ಅಂಟಿದಂತಾಗಿ ಬಿಟ್ಟುಕೊಳ್ಳಬೇಕು. ಆಲೂಗಡ್ಡೆಯ ತೇವ ಗಡ್ಡೆಯಿಂದ ಗಡ್ಡೆಗೆ ಬೇರೆಯಾಗಿರುವುದರಿಂದ, ಗಟ್ಟಿಯೆನಿಸಿದರೆ ಎತ್ತಿಟ್ಟ ಹಾಲನ್ನು ಒಂದೊಂದೇ ಚಮಚ ಸೇರಿಸಿಕೊಳ್ಳಬೇಕು. ಅಂಟುತ್ತದೆಂದು ಮೈದಾ ಸೇರಿಸುತ್ತಾ ಹೋದರೆ ಅದಕ್ಕೆ ಕೊನೆಯೇ ಇರುವುದಿಲ್ಲ. ಆ ಹೆಚ್ಚುವರಿ ಮೈದಾ ನಾಳೆ ರೋಲಿನಲ್ಲಿ ಒಣಕಲಾಗಿ ತೋರುತ್ತದೆ. ಫ್ರಿಜ್ಜಿನಲ್ಲಿ ಬೆಣ್ಣೆ ಗಟ್ಟಿಯಾಗಿ ಹಿಟ್ಟು ಬಿಗಿಯಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಇವತ್ತು ಕೊಂಚ ಅಂಟನ್ನು ಸಹಿಸಿಕೊಳ್ಳುವುದೇ ಜಾಣತನ.

ನಾದಿದ್ದು ಸಾಕೇ ಎಂದು ನೋಡಲು ನಿಂಬೆಹಣ್ಣಿನಷ್ಟು ಹಿಟ್ಟನ್ನು ತೆಗೆದು, ಎರಡೂ ಕೈಯ ಬೆರಳುಗಳಿಂದ ನಿಧಾನವಾಗಿ ನಾಲ್ಕೂ ಕಡೆಗೆ ಹಿಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಿಂಬದಿಯ ಬೆರಳಿನ ನೆರಳು ಮಸುಕಾಗಿ ಕಾಣುವಷ್ಟು ತೆಳುವಾದ ಪೊರೆ ಹರಿಯದೆ ನಿಂತರೆ ಸಾಕು. ತೂತು ಬಿದ್ದು ಅದರ ಅಂಚು ಗರಗಸದಂತೆ ಒರಟಾಗಿದ್ದರೆ ಇನ್ನೆರಡು ನಿಮಿಷ ನಾದಬೇಕು. ಆಲೂಗಡ್ಡೆ ಇರುವುದರಿಂದ ಬರೀ ಮೈದಾ ಹಿಟ್ಟಿನಷ್ಟು ಕನ್ನಡಿಯಂಥ ಪೊರೆ ಬರುವುದಿಲ್ಲ, ಅದಕ್ಕಾಗಿ ಕಾದು ಕೈ ನೋಯಿಸಿಕೊಳ್ಳಬೇಕಾಗಿಲ್ಲ.

ಫ್ರಿಜ್ಜಿಗೆ ಇಡುವುದು

ತಂಪು ಊರಿನಲ್ಲಿ ಹಿಟ್ಟನ್ನು ಅರ್ಧ ಗಂಟೆ ಹೊರಗೆ ಬಿಟ್ಟು, ಉಬ್ಬುವ ಸೂಚನೆ ಕಂಡ ಮೇಲೆ ಒಳಗಿಡಬಹುದು. ಸೆಕೆಯಲ್ಲಿ ನಾದಿದ ಕೂಡಲೇ ಇಡಬೇಕು. ದೊಡ್ಡ ಮುದ್ದೆಯಾಗಿ ಆಳದ ಪಾತ್ರೆಯಲ್ಲಿಡುವ ಬದಲು ಎರಡು ಪಾಲು ಮಾಡಿ, ಎಣ್ಣೆ ಸವರಿದ ಅಗಲದ ಡಬ್ಬಿಗಳಲ್ಲಿ ಎರಡು ಬೆರಳು ದಪ್ಪಕ್ಕೆ ತಟ್ಟಿ ಇಡಿ. ಹರಡಿದ ಹಿಟ್ಟಿನ ನಡುಭಾಗಕ್ಕೆ ತಣ್ಣಗಾಗಲು ಬೇಕಾದ ಹೊತ್ತು ಮುದ್ದೆಗಿಂತ ಬಹಳ ಕಡಿಮೆ. ಡಬ್ಬಿ ಹಿಟ್ಟಿನ ಎರಡೂವರೆ ಪಟ್ಟು ದೊಡ್ಡದಿರಲಿ, ಮುಚ್ಚಳ ಭದ್ರವಾಗಿರಲಿ. ಮುಚ್ಚಳ ಸಡಿಲಿದ್ದರೆ ಮೇಲ್ಭಾಗ ಒಣಗಿ ಹಕ್ಕಳೆಗಟ್ಟುತ್ತದೆ, ಜೊತೆಗೆ ಬೆಣ್ಣೆಯಿರುವ ಹಿಟ್ಟು ಪಕ್ಕದಲ್ಲಿರುವ ಹೆಚ್ಚಿದ ಈರುಳ್ಳಿಯ, ಸಾರಿನ ಇಂಗಿನ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಡಬ್ಬಿಯನ್ನು ಬಾಗಿಲಿನ ಗೂಡಿನಲ್ಲಿಡಬಾರದು, ಅದು ಫ್ರಿಜ್ಜಿನ ಅತ್ಯಂತ ಬೆಚ್ಚಗಿನ ಜಾಗ. ಹಿಂಬದಿಯಲ್ಲಿ, 4 ಡಿಗ್ರಿಯ ಆಸುಪಾಸು ಇರುವ ಕಡೆ ಇಡಿ. ಒಂದೂವರೆ ಎರಡು ಗಂಟೆಯ ನಂತರ ಒಮ್ಮೆ ತೆಗೆದು ಅಂಗೈಯಿಂದ ಒತ್ತಿ ಅನಿಲ ಹೊರಹಾಕಿ ಮತ್ತೆ ಮುಚ್ಚಿ. ಈ ಸಣ್ಣ ಕೆಲಸದಿಂದ ನಡುವಿನ ಬೆಚ್ಚಗಿನ ಹಿಟ್ಟು ಮೇಲೆ ಬಂದು ಇಡೀ ಹಿಟ್ಟು ಒಂದೇ ಸಮ ತಣಿಯುತ್ತದೆ. ಮಲಗುವ ಮೊದಲು ಇನ್ನೊಮ್ಮೆ ನೋಡಿದರೆ ಒಳ್ಳೆಯದು, ಬೇಸಿಗೆಯಲ್ಲಿ ಇದನ್ನು ಬಿಡಲೇಬಾರದು. ರಾತ್ರಿ ಹೊತ್ತು ಕರೆಂಟು ತುಂಬಾ ಹೊತ್ತು ಹೋಗುವ ಊರಾದರೆ ಈಸ್ಟನ್ನು ಮತ್ತೆ ಒಂದು ಗ್ರಾಂ ಕಡಿಮೆ ಮಾಡುವುದೇ ಕ್ಷೇಮ.

ಎಂಟು ಗಂಟೆ ಕಳೆದ ಮೇಲೆ ಹಿಟ್ಟು ಬಳಕೆಗೆ ಸಿದ್ಧ. ನನಗೆ ರುಚಿಯಾಗಿ ತೋರುವುದು ಒಂದು ಪೂರ್ತಿ ದಿನ ಇದ್ದ ಹಿಟ್ಟು: ನಿಧಾನದ ಹುದುಗಿನಿಂದ ಬರುವ ಪರಿಮಳವೂ ಇರುತ್ತದೆ, ಕಟ್ಟುಮಸ್ತೂ ಉಳಿದಿರುತ್ತದೆ. ಎರಡನೆಯ ದಿನವೂ ಚಿಂತೆಯಿಲ್ಲ. ಮೂರನೆಯ ದಿನಕ್ಕೆ ಜಿಗುಟು ಸಡಿಲಗೊಂಡು ಹಿಟ್ಟು ಅಂಟತೊಡಗುತ್ತದೆ, ರೋಲು ಎತ್ತರವಾಗುವ ಬದಲು ಅಗಲವಾಗುತ್ತದೆ. ಅದಕ್ಕೂ ಮುಂದೆ ಇಡಬೇಡಿ. ಅಮೆರಿಕದ ಹಳೆಯ ಪಾಕಗಳಲ್ಲಿ ವಾರದವರೆಗೂ ಇಡಬಹುದೆಂದು ಬರೆದದ್ದು ಕಾಣುತ್ತದೆ. ದಿನಕ್ಕೆ ಹತ್ತಾರು ಸಲ ಬಾಗಿಲು ತೆರೆಯುವ ನಮ್ಮ ಮನೆಯ ಫ್ರಿಜ್ಜಿಗೆ ಆ ಮಾತು ಹೊಂದುವುದಿಲ್ಲ. ಎರಡು ಡಬ್ಬಿ ಮಾಡಿಟ್ಟುಕೊಂಡಿರುವುದರ ಅನುಕೂಲ ಇಲ್ಲಿ ಕಾಣುತ್ತದೆ: ಒಂದನ್ನು ಇಂದು ರಾತ್ರಿಯ ಊಟಕ್ಕೆ ತೆಗೆದರೆ ಇನ್ನೊಂದನ್ನು ಮುಟ್ಟದೆ ನಾಳೆಗೆ ಬಿಡಬಹುದು.

ಉಂಡೆ ಕಟ್ಟುವುದು

ರಾತ್ರಿ ಎಂಟಕ್ಕೆ ಊಟವಾದರೆ ಸಂಜೆ ನಾಲ್ಕಕ್ಕೆ ಡಬ್ಬಿ ಹೊರತೆಗೆಯಿರಿ. ಬೆಚ್ಚಗಾಗಲು ಕಾಯಬೇಡಿ, ತಣ್ಣಗಿರುವಾಗಲೇ ಹಿಟ್ಟು ಕೈಗೆ ಹೇಳಿದ ಮಾತು ಕೇಳುವುದು. ಒಂದು ಡಬ್ಬಿಯ ಹಿಟ್ಟನ್ನು ತೂಕ ಮಾಡಿ ಒಂಬತ್ತು ಪಾಲು ಮಾಡಿದರೆ ಒಂದೊಂದು ಸುಮಾರು 54 ಗ್ರಾಂ ಬರುತ್ತದೆ. ಕಣ್ಣಂದಾಜಿನಲ್ಲಿ ಹರಿದುಕೊಂಡರೆ ಚಿಕ್ಕದು ಒಣಗುವ ಹೊತ್ತಿಗೆ ದೊಡ್ಡದರ ನಡುಭಾಗ ಹಸಿಯಾಗಿರುತ್ತದೆ.

ಪ್ರತಿ ಪಾಲನ್ನೂ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಅಂಚುಗಳನ್ನು ನಡುವಿಗೆ ಮಡಚಿ ಚಿವುಟಿ, ಚಿವುಟಿದ ಭಾಗ ಕೆಳಗಾಗುವಂತೆ ಕಟ್ಟೆಯ ಮೇಲಿಡಿ. ಅದರ ಮೇಲೆ ಅಂಗೈಯನ್ನು ಗೂಡು ಮಾಡಿ, ಕಿರುಬೆರಳಿನ ಬದಿ ಕಟ್ಟೆಗೆ ತಾಗಿರುವಂತೆ ಇಟ್ಟು ಸಣ್ಣ ಸುತ್ತಿನಲ್ಲಿ ತಿರುಗಿಸಿ. ಹಿಟ್ಟು ಕಟ್ಟೆಗೆ ತುಸು ಅಂಟಿ ಎಳೆಯಲ್ಪಟ್ಟಾಗ ಮೇಲ್ಮೈ ಬಿಗಿಯಾಗಿ ನುಣುಪಾಗುತ್ತದೆ. ಐದಾರು ಸುತ್ತಿನಲ್ಲಿ ಅದು ಕೈಗೆ ಗೊತ್ತಾಗುತ್ತದೆ. ಕಟ್ಟೆಯ ಮೇಲೆ ಮೈದಾ ಉದುರಿಸಿದ್ದರೆ ಉಂಡೆ ಅಂಟುವ ಬದಲು ಜಾರಿ ಸುಮ್ಮನೆ ಅತ್ತಿತ್ತ ಓಡಾಡುತ್ತದೆ, ಆದ್ದರಿಂದ ಒರೆಸಿದ ಬರಿಯ ಗ್ರಾನೈಟ್ ಕಟ್ಟೆಯೇ ಉತ್ತಮ. ಮೇಲ್ಮೈ ಬಿಗಿಯಾಗದೆ ಬಿಟ್ಟ ಉಂಡೆ ಓವನ್ನಿನಲ್ಲಿ ಮೇಲಕ್ಕೆ ಏಳದೆ ಪಕ್ಕಕ್ಕೆ ಹರಡುತ್ತದೆ.

ಇದೇ ಹಿಟ್ಟಿನಿಂದ ಬಾಸ್ಟನ್ನಿನ ಪಾರ್ಕರ್ ಹೌಸ್ ಹೋಟೆಲಿನಲ್ಲಿ 1870ರ ದಶಕದಲ್ಲಿ ಹೆಸರಾದ ಮಡಿಕೆಯ ರೋಲನ್ನೂ ಮಾಡಬಹುದು. ಪಾಲನ್ನು ಅಂಡಾಕಾರಕ್ಕೆ ಲಟ್ಟಿಸಿ, ಕರಗಿಸಿದ ಬೆಣ್ಣೆ ಸವರಿ, ನಡುವಿಗಿಂತ ಸ್ವಲ್ಪ ಈಚೆಗೆ ಮಡಚಿ ಒತ್ತಿದರೆ ಆಯಿತು.

ಬೆಣ್ಣೆ ಸವರಿದ ತಟ್ಟೆಯಲ್ಲಿ ಮೂರು ಸಾಲಾಗಿ, ಒಂದಕ್ಕೊಂದರ ನಡುವೆ ಒಂದು ಬೆರಳಿನ ಅಂತರ ಬಿಟ್ಟು ಜೋಡಿಸಿ. ಉಬ್ಬಿದಾಗ ಅವು ತಾವೇ ಕೂಡಿಕೊಳ್ಳುತ್ತವೆ. ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ ಮುಚ್ಚಿ ಬಿಡಿ.

ಎರಡನೆಯ ಸಲ ಉಬ್ಬುವುದು

ಗಡಿಯಾರ ನೋಡಿ ಮಾಡುವ ಕೆಲಸ ಇದಲ್ಲ. ತಣ್ಣನೆಯ ಹಿಟ್ಟಾದ್ದರಿಂದ ಮೊದಲ ಮುಕ್ಕಾಲು ಗಂಟೆ ಏನೂ ಆಗುತ್ತಿಲ್ಲವೆಂದೇ ತೋರುತ್ತದೆ. 27-28 ಡಿಗ್ರಿಯ ಕೋಣೆಯಲ್ಲಿ ಒಂದೂವರೆಯಿಂದ ಎರಡು ಗಂಟೆ, ಡಿಸೆಂಬರಿನ ಬೆಂಗಳೂರಿನಲ್ಲಿ ಮೂರು ಗಂಟೆಯೂ ಬೇಕಾಗಬಹುದು. ಅವಸರವಿದ್ದರೆ ಆರಿದ ಓವನ್ನಿನೊಳಗೆ ಒಂದು ಲೋಟ ಬಿಸಿನೀರಿನ ಜೊತೆ ತಟ್ಟೆಯನ್ನಿಟ್ಟು ಬಾಗಿಲು ಹಾಕಬಹುದು; ಓವನ್ ಕಾಯಿಸುವ ಮೊದಲು ತಟ್ಟೆಯನ್ನು ಹೊರತೆಗೆಯಲು ಮರೆಯಬಾರದು. 

ಉಂಡೆಯ ಬದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ತಕ್ಷಣ ಮೇಲೆದ್ದರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧದಷ್ಟು ತುಂಬಿಕೊಂಡು ಚಿಕ್ಕ ಗುರುತು ಉಳಿದರೆ ಸರಿಯಾದ ಹೊತ್ತು. ಗುಳಿ ಏಳದೆ ಸುತ್ತಲೂ ಕುಸಿದರೆ ಹೊತ್ತು ಮೀರಿದೆ. ಆಗ ಕಾಯದೆ ಬೇಕ್ ಮಾಡಿಬಿಡಿ, ರುಚಿಗೆ ತೊಂದರೆಯಿಲ್ಲ, ರೂಪ ಮಾತ್ರ ಸ್ವಲ್ಪ ಚಪ್ಪಟೆ. ಫ್ರಿಜ್ ಹಿಟ್ಟಿನ ರೋಲು ತಳದಲ್ಲಿ ಗಟ್ಟಿ, ಒತ್ತೊತ್ತಾಗಿ ಬಂತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಹಂತದ ಅವಸರವೇ: ಹೊರಗೆ ಉಬ್ಬಿದಂತೆ ಕಂಡರೂ ಉಂಡೆಯ ನಡುಭಾಗ ಇನ್ನೂ ಫ್ರಿಜ್ಜಿನ ಚಳಿಯಲ್ಲೇ ಇರುತ್ತದೆ.

ಬೇಕ್ ಮಾಡುವುದು

ಓಟಿಜಿಯನ್ನು, ಅಂದರೆ ಮನೆಬಳಕೆಯ ಚಿಕ್ಕ ವಿದ್ಯುತ್ ಓವನ್ನನ್ನು, 180 ಡಿಗ್ರಿಗೆ, ಮೇಲಿನ ಕೆಳಗಿನ ಎರಡೂ ರಾಡುಗಳನ್ನು ಹಾಕಿ, ಕನಿಷ್ಠ 15 ನಿಮಿಷ ಮೊದಲೇ ಕಾಯಿಸಿ. ಉಬ್ಬಿದ ಉಂಡೆಗಳ ಮೇಲೆ ಹಾಲನ್ನು ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ಸವರಿ, ನಡುವಿನ ಹಂತಕ್ಕಿಂತ ಒಂದು ಹಂತ ಕೆಳಗೆ ತಟ್ಟೆಯಿಟ್ಟು 18ರಿಂದ 22 ನಿಮಿಷ ಬೇಯಿಸಿ. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡು ಹತ್ತಿರವಿರುವುದರಿಂದ 12 ನಿಮಿಷಕ್ಕೇ ಬಣ್ಣ ಬಂದುಬಿಡಬಹುದು. ಆಗ ಮೇಲೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಿ ಮುಂದುವರಿಸಬೇಕೇ ಹೊರತು ಹೊರತೆಗೆಯಬಾರದು. ಕನ್ವೆಕ್ಷನ್ ಮೈಕ್ರೊವೇವ್ ಇರುವವರು ಫ್ಯಾನಿನ ಕಾರಣದಿಂದ 170 ಡಿಗ್ರಿ ಇಟ್ಟುಕೊಳ್ಳುವುದು ಒಳ್ಳೆಯದು. ಕುಕ್ಕರಿನಲ್ಲಿ ಸ್ಟ್ಯಾಂಡ್ ಇಟ್ಟು ಬೇಯಿಸಿದರೂ ರೋಲು ಬೇಯುತ್ತದೆ, ಮೇಲಿನ ಹೊಂಬಣ್ಣವೊಂದು ಬರುವುದಿಲ್ಲ.

ಬೆಂದಿತೇ ಎಂದು ತಿಳಿಯಲು ಬಣ್ಣವನ್ನು ನಂಬುವಂತಿಲ್ಲ, ಹಾಲು ಸಕ್ಕರೆ ಇರುವುದರಿಂದ ಅದು ಬೇಗ ಮೋಸ ಮಾಡುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುವಿನ ರೋಲಿಗೆ ಚುಚ್ಚಿ ನೋಡಿ, 90 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ತಟ್ಟೆಯ ನಡುವಿನ ಎರಡು ರೋಲುಗಳನ್ನು ಮೆಲ್ಲಗೆ ಅಗಲಿಸಿ ನೋಡಿ. ಕೂಡಿದ ಜಾಗ ಹಸಿಯಾಗಿ ಹೊಳೆಯದೆ, ಎಳೆಎಳೆಯಾಗಿ ಬಿಡಿಸಿಕೊಳ್ಳಬೇಕು. ಹೊರತೆಗೆದ ಹತ್ತು ನಿಮಿಷಕ್ಕೆ ಮೇಲ್ಮೈ ಸುಕ್ಕುಗಟ್ಟಿ ಕುಸಿದರೆ ಒಂದೋ ಬೆಂದದ್ದು ಸಾಲದು, ಇಲ್ಲವೇ ಉಬ್ಬಿದ್ದು ಅತಿಯಾಯಿತು.

ಬಿಸಿಯಿರುವಾಗಲೇ ಕರಗಿಸಿದ ಬೆಣ್ಣೆಯನ್ನು ಧಾರಾಳವಾಗಿ ಸವರಿ. ಐದು ನಿಮಿಷ ತಟ್ಟೆಯಲ್ಲೇ ಬಿಟ್ಟು, ಆಮೇಲೆ ಇಡೀ ಹಾಳೆಯಾಗಿ ಜಾಲರಿಯ ಮೇಲೆ ತೆಗೆದು, ಒಣ ಹತ್ತಿ ಬಟ್ಟೆ ಹೊದಿಸಿ. ಬಟ್ಟೆಯೊಳಗೆ ನಿಂತ ಹಬೆ ಮೇಲಿನ ಸಿಪ್ಪೆಯನ್ನು ಮೆತ್ತಗಾಗಿಸುತ್ತದೆ. ತಟ್ಟೆಯಲ್ಲೇ ಬಿಟ್ಟರೆ ಅದೇ ಹಬೆ ತಳಕ್ಕಿಳಿದು ಒದ್ದೆ ಮಾಡುತ್ತದೆ. ಒಂದೊಂದಾಗಿ ಬಿಡಿಸುವುದು ಬಡಿಸುವ ಹೊತ್ತಿಗೆ ಮಾತ್ರ. ಅಲ್ಲಿ ಗ್ರೇವಿಗೆ ಅದ್ದಿಕೊಂಡು ತಿನ್ನುತ್ತಾರೆ. ಇಲ್ಲಿ ಟೊಮೇಟೊ ಸೂಪಿಗೂ ತರಕಾರಿ ಸಾಗುವಿಗೂ ಚೆನ್ನಾಗಿ ಹೊಂದುತ್ತದೆ.

ಉಳಿದ ರೋಲುಗಳನ್ನು ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿ ಮುಚ್ಚಿ ಹೊರಗೇ ಇಡಿ. ಸೆಕೆಯ ಊರಿನಲ್ಲಿ ಒಂದು ದಿನ, ತಂಪಿನಲ್ಲಿ ಎರಡು ದಿನ ಮೆತ್ತಗಿರುತ್ತವೆ. ಹಸಿ ಹಿಟ್ಟಿಗೆ ಒಳ್ಳೆಯದಾದ ಫ್ರಿಜ್ ಬೆಂದ ರೋಲಿಗೆ ಒಳ್ಳೆಯದಲ್ಲ, ಆ ಚಳಿಯಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ ರೋಲು ಪುಡಿಪುಡಿಯಾಗುತ್ತದೆ. ಹೆಚ್ಚು ದಿನಕ್ಕೆ ಬೇಕಾದರೆ ಆರಿದ ದಿನವೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು ಉಳಿಯುತ್ತದೆ. ಬೇಕಾದಾಗ ಅರ್ಧ ಗಂಟೆ ಹೊರಗಿಟ್ಟು, ನೀರಿನ ಕೈಯಿಂದ ಮೇಲೆ ಒಮ್ಮೆ ಸವರಿ, ಫಾಯಿಲಿನಲ್ಲಿ ಸುತ್ತಿ 150 ಡಿಗ್ರಿಯಲ್ಲಿ ಎಂಟರಿಂದ ಹತ್ತು ನಿಮಿಷ ಬಿಸಿ ಮಾಡಿಕೊಳ್ಳಿ. ತವೆಯ ಮೇಲೆ ಬಿಸಿ ಮಾಡುವವರು ಉರಿ ತೀರಾ ಸಣ್ಣದಿಟ್ಟು, ಮೇಲೆ ಪಾತ್ರೆಯೊಂದನ್ನು ಕವುಚಿ, ಮೂರು ನಿಮಿಷಕ್ಕೆ ಒಮ್ಮೆ ಮಗುಚಿ ಹಾಕಬೇಕು.